ಮೂರನೆಯ ಗುಂಡಿಯ ಹಸಿರು

ಎಂಬತ್ತರ ದಶಕದಲ್ಲಿ ನಾನು ನೆಲೋಗಿ ಹತ್ತಿರದ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕಿಯಾಗಿದ್ದೆ; ಎಲ್ಲರಿಗೂ ನಾನು 'ಬಾಯಾರು'. ಶಾಲೆಯ ಕೈಪಂಪಿನ ಬೋರಿಂಗಿನ ಬಳಿ ಚೆಲ್ಲಿದ ನೀರೆಲ್ಲ ಕೊಚ್ಚೆಯಾಗುತ್ತಿತ್ತೆಂದು ಜೇವರ್ಗಿಯ ಓವರ್‌ಸಿಯರ್ ಒಬ್ಬರು ಸಾಲಾಗಿ ಮೂರು ಗುಂಡಿ ತೋಡಿಸಿ, ಜೊಂಡು ನೆಡಿಸಿದ್ದರು. ಸೋಸಿಕೊಂಡು ಬಂದ ನೀರು ಮೂರನೆಯ ಗುಂಡಿಯಲ್ಲಿ ತಿಳಿಯಾಗಿರುತ್ತಿತ್ತು. ಪಕ್ಕದ ಮನೆಯ ಎಮ್ಮೆ ಅಲ್ಲೇ ಕುಡಿಯುತ್ತಿತ್ತು. ಉಳಿದದ್ದು ಕೊಳವೆಯಲ್ಲಿ ಹೊಲಕ್ಕೆ ಹೋಗುತ್ತಿತ್ತು.

"ಈ ಕೊಳವಿ ಮಾತ್ರ ಮುಚ್ಚಬ್ಯಾಡ್ರಿ ಬಾಯಾರ. ಬೆರಳಗಾತ್ರ ನೀರು ಹೋಗ್ತಾ ಇರಬೇಕು. ನಿಂತರ ಪಾಚಿ ಹಿಡೀತದ" ಎಂದು ಅವರು ಹೇಳಿಯೇ ಹೋಗಿದ್ದರು.

ಆದರೆ ಹರಿದು ಹೋಗುವ ನೀರು ಕಂಡರೆ ನಮ್ಮ ಕಡೆಯವರಿಗೆ ಹೊಟ್ಟೆ ಉರಿಯುತ್ತದೆ. ನಾನೇನು ಬೇರೆಯವಳೇ, ಕೊಡ ನೀರಿಗೆ ಬಡಿದಾಡುವ ನಿಂಬರ್ಗಾದವಳು. ಬೇಸಿಗೆ ರಜೆಗೆ ತವರಿಗೆ ಹೊರಟಾಗ, ಮಕ್ಕಳಿಲ್ಲದೆ ಬೋರಿಂಗು ಹೊಡೆಯುವವರು ಕಡಿಮೆ, ಗಬ್ಬದ ಎಮ್ಮೆಗೆ ನೀರಿರಲಿ ಎಂದು ಕೊಳವೆಗೆ ಗೋಣಿಚೀಲದ ತುಂಡು ತುರುಕಿ ಬಸ್ಸು ಹತ್ತಿದೆ. ಪುಣ್ಯ ಕಟ್ಟಿಕೊಂಡೆನೆಂಬ ಜಂಬ ಬೇರೆ.

ಹದಿನೈದು ದಿನ ಬಿಟ್ಟು ಬಂದರೆ, ಗುಂಡಿಯ ಮೇಲೆ ಬಣ್ಣ ಸುರಿದಂತೆ ದಪ್ಪ ಹಸಿರು. ಗಬ್ಬು ವಾಸನೆ. ಎಮ್ಮೆ ಹಿತ್ತಲಲ್ಲಿ ಕಾಲು ಚಾಚಿ ಬಿದ್ದಿತ್ತು, ಬಾಯಲ್ಲಿ ನೊರೆ. ಅದನ್ನು ಸಾಕಿದವಳು ತಲೆ ಸವರುತ್ತ ಕೂತಿದ್ದಳು. ಆ ಮನೆಗಿದ್ದದ್ದು ಅದೊಂದೇ ಎಮ್ಮೆ, ಈಯಲು ತಿಂಗಳೂ ಉಳಿದಿರಲಿಲ್ಲ. ಹೇಳಿಬಿಡಲೇ? ಹೇಳಿದರೆ ಈ ಊರಲ್ಲಿ ಮುಖ ಎತ್ತಿ ತಿರುಗುವುದು ಹೇಗೆ? ದನದ ಡಾಕ್ಟರು ಬರುವವರೆಗೆ ಒಳಗೂ ಹೊರಗೂ ತಿರುಗಿದೆ.

ಅವರು ಇಂಜೆಕ್ಷನ್ ಕೊಟ್ಟು, ಗುಂಡಿ ನೋಡಿ ಕೆರಳಿದರು. "ನೀರು ಹರೀಲಿಲ್ಲಂದ್ರ ಬಿಸಿಲಿಗಿ ಇಂಥಾ ಪಾಚಿ ಬೆಳದು ವಿಷ ಆಗ್ತದ. ಯಾರ್ ಮುಚ್ಚಿದ್ರಿ ಇದನ್ನ?"

ಎಮ್ಮೆ ಸಾಕಿದವಳೇ ಮುಂದೆ ಬಂದು, "ನಾನೇರಿ ಸಾಹೇಬ್ರ. ಚೀಲದ ಸಂದ್ಯಾಗ ಹನಿ ಸೋರ್ತಿತ್ತು, ಮಣ್ಣು ಮೆತ್ತೀನಿ" ಎಂದಳು.

"ಮನಿ ಹಾಳ ಮಾಡಿದಿ ಬೇ" ಎಂದು ಅವಳ ಗಂಡ ಎಲ್ಲರೆದುರು ಬೈದ. ಚೀಲ ತುರುಕಿದ್ದು ಯಾರೆಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಥೂ, ದಿನಾ ಮಕ್ಕಳಿಗೆ ಸತ್ಯ ಹೇಳಿರೆಂದು ಒದರುವ ಬಾಯಿ ಇದು.

ಮರುದಿನ ಎಮ್ಮೆ ಎದ್ದು ನಿಂತಿತು. ಕರು ಮಾತ್ರ ಸತ್ತೇ ಹುಟ್ಟಿತು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಬಂದು ತನ್ನ ಸೆರಗಿನಿಂದ ನನ್ನ ಕಣ್ಣೊರೆಸಿದಳು.

"ನೀವ್ಯಾಕ ಅಳ್ತೀರಿ ಬಾಯಾರ," ಎಂದಳು, "ತಪ್ಪು ಮಾಡಿದಾಕಿ ನಾ."