ಗಾಣದ ಒಲೆಗೆ ಇಳಿದ ಕೊಟ್ಟಿಗೆಯ ಸೂರು

ಅತ್ತೆಯನ್ನು ಹೊಗಳುವ ಸೊಸೆಯನ್ನು ನಮ್ಮ ಶಿರಗುಪ್ಪಿ ಕಡೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ಮಗಳು ಅಂಗಳದಲ್ಲಿ ಓಡುವುದನ್ನು ಕಂಡಾಗಲೆಲ್ಲ ನಾನು ಮನಸ್ಸಿನಲ್ಲೇ ಅತ್ತೆಯ ಕಾಲು ಮುಟ್ಟುತ್ತೇನೆ.

ನಮ್ಮದು ಬೆಲ್ಲದ ಗಾಣ. ಕಬ್ಬು ಹಿಂಡಿ ಉಳಿದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತೇವೆ. ಆ ಸಲ ಹಂಗಾಮು ಶುರುವಾಗುವ ಹೊತ್ತಿಗೆ ಅಕಾಲದ ಮಳೆ ಬಂದು ಸಿಪ್ಪೆಯ ಬಣವೆಯೆಲ್ಲ ನೆನೆಯಿತು. ಕಡಿದ ಕಬ್ಬು ಗಾಣದ ಮುಂದೆ ಬಿದ್ದಿತ್ತು. ನನ್ನ ಗಂಡ ಹೆದ್ದಾರಿ ಕಡೆಯಿಂದ ಒಂದು ಟ್ರಾಲಿ ಹಳೆಯ ಟಯರು ತಂದರು.

"ಟಯರಿನ ಹೊಗಿ ಛಲೋ ಅಲ್ಲಲೇ," ಎಂದರು ಅತ್ತೆ.

"ಗಾಳಿ ಆ ಕಡೆ ಐತಿ ಬಿಡಬೇ. ಹೊಗಿ ಮಹಾರಾಷ್ಟ್ರಕ್ಕ ಹೋಗತೈತಿ."

ಗಡಿಯವರ ಬುದ್ಧಿಯೇ ಹೀಗೆ, ಬೇಡದ್ದೆಲ್ಲ ಹೊಳೆಯಾಚೆ. ಗಾಳಿಗೆ ಯಾವ ರಾಜ್ಯ? ಮಧ್ಯಾಹ್ನ ಅದು ಮನೆಯ ಕಡೆಗೇ ತಿರುಗಿತು. ಒಣಹಾಕಿದ ಸೀರೆ, ದನ ಕುಡಿಯುವ ನೀರು, ಎಲ್ಲದರ ಮೇಲೂ ಜಿಡ್ಡುಜಿಡ್ಡು ಮಸಿ. ಮೊದಲೇ ದಮ್ಮಿನ ತೊಂದರೆಯಿದ್ದ ನನ್ನ ಪುಟ್ಟ ಮಗಳು ಉಸಿರೆಳೆಯಲಾರದೆ ಹೆಗಲಿಗೆ ಆತುಕೊಂಡಳು. ಡಾಕ್ಟರು ಕೊಟ್ಟ ಉಸಿರಿನ ಪಂಪು ಬಾಯಿಗೆ ಹಿಡಿದರೆ ತುಸು ತಡೆಯುತ್ತಿತ್ತು, ಹೊಗೆ ನುಗ್ಗಿದರೆ ಮತ್ತೆ ಶುರು.

ಹಂಗಾಮಿನ ಮೊದಲ ಬೆಲ್ಲದ ಉಂಡೆ ಮನೆಯ ಎಲ್ಲರಿಗಿಂತ ಸಣ್ಣ ಕೂಸಿಗೆ ಕೊಡುವುದು ನಮ್ಮ ಮನೆಯ ಪದ್ಧತಿ. ಬಿಸಿ ಉಂಡೆ ತಂದ ಅತ್ತೆ ಮೊಮ್ಮಗಳನ್ನು ನೋಡಿ ನಿಂತರು. ತಿರುಗಿ ಅದನ್ನು ಮಗನ ಅಂಗೈಯಲ್ಲಿಟ್ಟರು.

"ನೀನ ತಿನಸು. ನಿನ್ನ ಕೈಲೇ ತಿನಸು."

ನಮ್ಮವರ ಕೈ ಮೇಲೇಳಲಿಲ್ಲ.

ಅತ್ತೆ ಒಲೆ ಆರಿಸಲು ಹೇಳಿ ಕುಡುಗೋಲು ಹಿಡಿದು ಕೊಟ್ಟಿಗೆಗೆ ನಡೆದರು. ಅದರ ಸೂರಿಗೆ ಹೊದಿಸಿದ್ದು ರವದಿ, ಕಬ್ಬಿನ ಒಣಗರಿ; ಮೇಲಿನ ಪದರ ನೆಂದಿದ್ದರೂ ಒಳಗಿನ ಗರಿಗಳು ಚೆನ್ನಾಗಿ ಒಣಗಿದ್ದವು. ಹಗ್ಗ ಕೊಯ್ದು ಎಳೆಯತೊಡಗಿದರು.

"ಅವ್ವಾ, ದನಾ ಎಲ್ಲಿ ಕಟ್ಟೂನು?" ಎಂದರು ನಮ್ಮವರು.

"ಪಡಸಾಲ್ಯಾಗ ಕಟ್ಟು. ಸೂರು ಮತ್ತ ಹೊದಸಾಕ ಬರತೈತಿ. ಕೂಸಿನ ಉಸರು ಎಲ್ಲಿಂದ ತರ್ತಿ?"

ನಾನು ಮಗಳನ್ನು ಡಾಕ್ಟರಿಗೆ ತೋರಿಸಿಕೊಂಡು ಬರುವಷ್ಟರಲ್ಲಿ ಎಮ್ಮೆ ನಮ್ಮ ಪಡಸಾಲೆಯಲ್ಲಿ ಬೀಗರ ಹಾಗೆ ಕುಳಿತು ಮೆಲುಕು ಹಾಕುತ್ತಿತ್ತು. ಬಿಸಿಲು ಬಿದ್ದು ಸಿಪ್ಪೆ ಒಣಗುವವರೆಗೂ ಆ ಸೂರೇ ಒಲೆಯನ್ನು ಉರಿಸಿತು. ಉಳಿದ ಟಯರು ಬಂದ ದಾರಿಯಲ್ಲೇ ಹೋಯಿತು. ಒಲೆಯ ಬೂದಿ ಪ್ರತಿವರ್ಷ ಹೊಲಕ್ಕೆ ಗೊಬ್ಬರ. ಟಯರಿನ ತಂತಿ ಸಿಕ್ಕಿಕೊಂಡಿದ್ದ ಆ ಬೂದಿಯನ್ನು ಮಾತ್ರ ಅತ್ತೆ ಒಂದು ಬುಟ್ಟಿಯಷ್ಟೂ ಹೊಲಕ್ಕೆ ಬಿಡಲಿಲ್ಲ.

ರವದಿಯ ಬೆಂಕಿಯಲ್ಲಿ ಕುದಿದ ಬೆಲ್ಲದಿಂದ ಮರುದಿನ ಮತ್ತೊಂದು ಉಂಡೆ ಕಟ್ಟಿ ತಂದರು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ಊದಿ ಊದಿ ಆರಿಸತೊಡಗಿದರು. ಅಜ್ಜಿಯನ್ನು ನೋಡಿ ಅವಳೂ ತುಟಿ ಮುಂದೆ ಮಾಡಿ ಊದಿದಳು. ಕೆಮ್ಮಲಿಲ್ಲ.