ಲ್ಯಾಂಬರ್ಟನ ಗಾಡಿಯ ಬಳೆ

ನೆಬ್ರಾಸ್ಕದ ಮೆಕ್ಕೆಜೋಳದ ಕಣಜಗಳಲ್ಲಿ ನಲವತ್ತು ವರ್ಷ ಬೆಸುಗೆ ಹಾಕಿದ ಲ್ಯಾಂಬರ್ಟ್ ಕುಚೇರಾ ಉಳಿದ ಹೊತ್ತನ್ನೆಲ್ಲ ಒಂದು ಕಾರಿಗೆ ಕೊಟ್ಟ. ಅಜ್ಜನ ಕಾಲದ ಮೈಗೆ ದೈತ್ಯ ಎಂಜಿನ್ ಕೂರಿಸಿದ. ಮೂತಿಯ ಅಂದ ಕೆಡಬಾರದೆಂದು ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಪುಟ್ಟ ರೇಡಿಯೇಟರನ್ನು ಹೊಟ್ಟೆಯಡಿ ಕಟ್ಟಿದ. ಓಡುವಾಗ ಗಾಳಿ ಹೇಗೂ ಸಿಗುತ್ತದೆ ಎನ್ನುತ್ತಿದ್ದ. ನಿಧಾನವಾಗಿ ಓಡಿಸಿ ಅವನಿಗೆ ಗೊತ್ತೇ ಇರಲಿಲ್ಲ.

ಅವನು ತೀರಿಕೊಂಡ ಮರುದಿನ ಹೆಂಡತಿ ಆರ್ಲೀನ್, ಗಂಡನ ಗೆಳೆಯ ಎಲ್ಡನ್‌ನನ್ನು ಕರೆದು ಹೇಳಿದಳು: "ನಾಳೆ ಶವದ ಗಾಡಿ ಮುಂದೆ ಈ ಕಾರೇ ಹೋಗ್ಬೇಕು. ನಾನೇ ಓಡಿಸ್ತೀನಿ."

ಎಲ್ಡನ್ ದಾರಿಯ ಲೆಕ್ಕ ಹಾಕಿದ. ಸ್ಮಶಾನ ನಾಲ್ಕು ಮೈಲಿ. ನಡಿಗೆಯ ವೇಗದಲ್ಲಿ ಗಾಳಿ ಆಡದೆ ಎಣ್ಣೆ ಕಾದು ಉಕ್ಕಿದರೆ, ಅದು ಚಿಮ್ಮುವುದು ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ. ಸ್ಟಿಯರಿಂಗ್ ಹಿಡಿದಿರುವವಳು ಆರ್ಲೀನ್. ಒಂದು ಫ್ಯಾನ್ ಹಿಡಿದುಕೊಂಡು ಗಾಡಿಯಡಿ ತೂರಿದ.

ಫ್ಯಾನ್ ಬಿಗಿದು ಟಾರ್ಚ್ ತಿರುಗಿಸಿದಾಗ ಬಳೆ ಕಂಡಿತು. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಡ್ರೈವ್ ಶಾಫ್ಟನ್ನು ಸುತ್ತುವರಿದ ಆ ದಪ್ಪ ಕಬ್ಬಿಣದ ಪಟ್ಟಿಯನ್ನು ಹತ್ತು ವರ್ಷದ ಹಿಂದೆ ಎಲ್ಡನ್ನೇ ಹಟ ಹಿಡಿದು ಕೂರಿಸಿದ್ದ.

"ನನ್ನ ಗಾಡಿಗೆ ಬಳೆ ತೊಡಿಸ್ತೀಯಲ್ಲೋ," ಎಂದು ಲ್ಯಾಂಬರ್ಟ್ ನಕ್ಕಿದ್ದ. "ಗಂಡೂ ನೀನೇ ಹುಡುಕ್ತೀಯಾ?"

"ಶಾಫ್ಟಿನ ಮುಂದಿನ ಕೀಲು, ಆ ಕ್ರಾಸ್, ಮುರಿದ್ರೆ ಶಾಫ್ಟ್ ನೆಲಕ್ಕೆ ನಾಟ್ಕೊಂಡು ಗಾಡೀನೇ ಎತ್ತಿ ಒಗೆಯುತ್ತೆ ಕಣೋ."

ಆ ಬಳೆಯ ಮಾತೆತ್ತಿ ಲ್ಯಾಂಬರ್ಟ್ ಬಿಯರ್ ಅಂಗಡಿಯಲ್ಲಿ ವರ್ಷಗಟ್ಟಲೆ ಎಲ್ಲರನ್ನೂ ನಗಿಸಿದ್ದ.

ಈಗ ಬಳೆಯ ಒಳಮೈಯಲ್ಲಿ ಬೆರಳ ತುದಿ ಕೂರುವಷ್ಟು ಆಳದ ಗಾಯವಿತ್ತು. ಶಾಫ್ಟಿನ ಹಿಂದಿನ ಕ್ರಾಸ್ ಹಳೆಯದು, ಮುಂದಿನದು ಹೊಸದು. ಹಾಗಾದರೆ ಮುಂದಿನ ಕ್ರಾಸ್ ಮುರಿದಿತ್ತು, ಶಾಫ್ಟನ್ನು ಬಳೆ ಹಿಡಿದಿತ್ತು. ಯಾವಾಗ? ಎಷ್ಟು ವೇಗದಲ್ಲಿ?

ಹೊರಬಂದು ಕೇಳಿದ. ಆರ್ಲೀನ್ ಯೋಚಿಸಿದಳು. ಮೂರು ವರ್ಷದ ಹಿಂದೆ, ಒಂದು ಭಾನುವಾರ, ಹೆದ್ದಾರಿಯಲ್ಲಿ ಇಬ್ಬರೂ ವೇಗವಾಗಿ ಹೋಗುತ್ತಿದ್ದಾಗ ಕಾಲಡಿ ಏನೋ ಬಡಿದಂತಾಗಿತ್ತು. ಗೇರ್‌ಬಾಕ್ಸ್ ಕೈಕೊಟ್ಟಿತು ಎಂದಿದ್ದ ಲ್ಯಾಂಬರ್ಟ್. ಯಾರದೋ ಟ್ರ್ಯಾಕ್ಟರ್ ಮನೆಯವರೆಗೆ ಎಳೆದು ತಂದಿತ್ತು.

"ಮನೆಗೆ ಬಂದ್ಮೇಲೆ ಗಾಡಿಯಡಿ ತೂರಿ ನೋಡಿದ್ರು. ನಾನು ಮಾಡಿಟ್ಟಿದ್ದ ಹಣ್ಣಿನ ಬನ್ನು, ಆ ಕೊಲಾಚಿ ಅಷ್ಟನ್ನೂ ಡಬ್ಬಿಗೆ ತುಂಬ್ಕೊಂಡು ನಿಮ್ಮನೆಗೆ ಬಂದ್ರಲ್ಲ."

ಆ ಡಬ್ಬಿ ಎಲ್ಡನ್‌ಗೆ ನೆನಪಿತ್ತು. ಏನು ವಿಶೇಷ ಎಂದು ಕೇಳಿದ್ದ. ಏನಿಲ್ಲ, ಜಾಸ್ತಿ ಆಗಿತ್ತು ಎಂದು ಲ್ಯಾಂಬರ್ಟ್ ಬಾಗಿಲಲ್ಲೇ ನಿಂತಿದ್ದ, ಹೋಗಲು ಮನಸ್ಸಿಲ್ಲದವನಂತೆ.

ಎಲ್ಡನ್ ಕೈ ಒರೆಸಿಕೊಂಡ.

"ಓಡಿಸಿ ಅತ್ತಿಗೆ. ಪಕ್ಕದಲ್ಲಿ ನಾನಿರ್ತೀನಿ."

ಮರುದಿನ ಮೆರವಣಿಗೆ ತೆವಳಿತು. ಎಲ್ಡನ್ ಗೇರ್‌ಬಾಕ್ಸಿನ ಉಬ್ಬಿನ ಮೇಲೆ ಅಂಗೈ ಇಟ್ಟುಕೊಂಡೇ ಕೂತ. ನಾಲ್ಕು ಮೈಲಿಯೂ ಅದು ಬೆಚ್ಚಗಿತ್ತು, ಸುಡಲಿಲ್ಲ.