ಮೊಣಕಾಲ ಮೇಲಿನ ಕೈ

ಎಡಗೈಯೇ ಇರಬೇಕು. ನಡೆಯುವಾಗ ಸೀರೆಯ ನೆರಿಗೆ ಹಿಡಿದವಳಂತೆ ಅಕ್ಕ ಎಡಗೈಯಿಂದ ಎಡ ಮೊಣಕಾಲನ್ನು ಒತ್ತಿ ಹಿಡಿಯುತ್ತಿದ್ದಳು. ಅಥವಾ ಅದು ಬಲಗೈ, ಬಲಗಾಲು. ಫೋಟೋ ನೋಡಿ ತೀರ್ಮಾನಿಸೋಣವೆಂದರೆ ಎಲ್ಲ ಫೋಟೋಗಳಲ್ಲೂ ಕೂತೇ ಇದ್ದಾಳೆ. ಪೋಲಿಯೊದಿಂದ ಸಣ್ಣಗಾದ ಕಾಲು ಮಡಚಿಕೊಳ್ಳದಿರಲೆಂದು ಆಕೆಯೇ ಕಂಡುಕೊಂಡ ಉಪಾಯ ಅದು. ಹೊಸಬರಿಗೆ ಗೊತ್ತೇ ಆಗುತ್ತಿರಲಿಲ್ಲ.

ದೊಡ್ಡಪ್ಪನ ಮಗಳು. ಕಾಗವಾಡದಲ್ಲಿ ನಮ್ಮದು ಒಂದೇ ಮನೆ, ಒಂದೇ ಟೈಪಿಂಗ್ ಕ್ಲಾಸು. ಸ್ಪೀಡು ನನ್ನದೇ ಹೆಚ್ಚು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಅಂಗವಿಕಲರಿಗಾಗಿ ಬಂದಿದ್ದ ಹೊಸ ಕಾಯ್ದೆಯ ಮೇರೆಗೆ ಒಂದು ಕಚೇರಿಯಲ್ಲಿ ಟೈಪಿಸ್ಟ್ ಜಾಗ ಮೀಸಲಿಟ್ಟರು. ದಿಲ್ಲಿಯಲ್ಲಿ ಯಾರೋ ಕೂತು ಆಕೆಯನ್ನೇ ನೆನೆದು ಬರೆದಂತಿತ್ತು ಆ ಕಾಯ್ದೆ. ನನ್ನನ್ನು ನೆನೆಯುವವರು ಯಾರಿದ್ದರು?

"ಇದೊಂದು ನೋಡೂಣು," ಎಂದಿದ್ದರು ದೊಡ್ಡಪ್ಪ, ಅಕ್ಕನಿಗೆ. "ಆಗ್ಲಿಲ್ಲಂದ್ರ ಸುಮ್ನ ಮನ್ಯಾಗ ಕುಂದ್ರು."

ಜ್ವರ ಬಂದರೂ ಗಡಿಯಾಚೆಯ ಮಿರಜಿಗೇ ಹೋಗುವವರು ನಾವು. ಸರ್ಟಿಫಿಕೇಟನ್ನೂ ಅಲ್ಲಿಂದಲೇ ತಂದಳು. ಕಚೇರಿಯ ಗುಮಾಸ್ತ ಅದನ್ನು ಹಿಂದಕ್ಕೆ ದೂಡಿದ.

"ಇದು ಮಹಾರಾಷ್ಟ್ರದ್ದು ಐತ್ರಿ ಬಾಯಾರ. ನಮ್ಮಲ್ಲಿ ನಡ್ಯಂಗಿಲ್ಲ."

"ಯಾಕ್ರಿ, ಗಡಿ ದಾಟಿದ್ರ ಕಾಲು ನೆಟ್ಟಗಾಗ್ತೈತೇನ್ರಿ? ಹಂಗಿದ್ರ ದಿನಾ ದಾಟ್ತೀನಿ."

ಕಚೇರಿಯೆಲ್ಲ ನಕ್ಕಿತು. ಅಂಥ ಮಾತು ನನಗೆ ಒಂದು ದಿನವೂ ಹೊಳೆದದ್ದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ನಮ್ಮ ರಾಜ್ಯದ ಸರ್ಟಿಫಿಕೇಟಿಗೆಂದು ಬೆಳಗಾವಿಗೆ ಜೊತೆಗೆ ಹೋದವನು ನಾನೇ. ನೂರಕ್ಕೆ ನಲವತ್ತರಷ್ಟಾದರೂ ವೈಕಲ್ಯವಿದೆಯೆಂದು ಡಾಕ್ಟರು ಬರೆಯಬೇಕು. ಕಡಿಮೆ ಬರೆದರೆ ಕಾಯ್ದೆ ಆಕೆಯದಲ್ಲ. ನಡೆದು ತೋರಿಸಲು ಹೇಳಿದರು. ಕನ್ಯಾ ನೋಡಲು ಬಂದವರೂ ಹೀಗೆಯೇ ನಡೆಸಿ ನೋಡುತ್ತಿದ್ದರಲ್ಲ, ಅದೇ ರೂಢಿಯಲ್ಲಿ ಮೊಣಕಾಲು ಒತ್ತಿಕೊಂಡು, ಸೆರಗು ಸರಿಮಾಡಿಕೊಂಡು, ಗೋಡೆಯ ತನಕ ಚೆಂದಾಗಿ ನಡೆದು ಬಂದಳು.

"ಛಲೋನ ನಡೀತೀಯಲ್ಲವ್ವಾ!" ಡಾಕ್ಟರು ಪೆನ್ನು ತೆಗೆದರು.

ನನ್ನ ಉಸಿರು ಹಗುರಾಯಿತು. ಇದೊಂದು ನನಗೆ ಖಚಿತವಾಗಿ ನೆನಪಿದೆ.

"ತಡೀರಿ ಸಾಹೇಬ್ರ," ಅಕ್ಕ ಅಂದಳು. "ಇದು ಬೀಗರಿಗೆ ತೋರ್ಸೂ ನಡಿಗಿ. ನಂದು ಬ್ಯಾರೆ ಐತಿ."

ಕೈ ತೆಗೆದು ಹೆಜ್ಜೆ ಇಟ್ಟಳು. ಕಾಲು ಮಡಚಿತು, ನೆಲಕ್ಕೆ ಕುಸಿದಳು. ಡಾಕ್ಟರು ಮತ್ತೇನೂ ಕೇಳದೆ ಬರೆದುಕೊಟ್ಟರು.

ಮರಳುವಾಗ ಬಸ್ಸಿನಲ್ಲಿ, "ನಿನಗೂ ಒಂದು ನೌಕರಿ ಹತ್ತೀತೇಳೋ ತಮ್ಮಾ, ಮಾರಿ ಯಾಕ ಹಂಗ ಮಾಡ್ತಿ?" ಎಂದಳು. ಸಮಾಧಾನ ಹೇಳುವ ಹಕ್ಕೂ ಆಕೆಗೇ ಸಿಕ್ಕಿತ್ತು.

ಆ ಕೆಲಸವನ್ನು ಕೆಲವು ವರ್ಷವಷ್ಟೇ ಮಾಡಿದಳು. ಕಾಮಾಲೆಯಾಗಿ ತೀರಿಕೊಂಡಳು. ಮಣ್ಣಿಗೆ ಕಚೇರಿಗೆ ಕಚೇರಿಯೇ ಬಂದಿತ್ತು. ಅಷ್ಟು ಜನ ನನಗಾಗಿ ಬರಲಾರರು ಎಂದು ಅಲ್ಲಿಯೂ ಲೆಕ್ಕ ಹಾಕಿದೆ.

ಬೆಳಗಾವಿಯಲ್ಲಿ ಬಿದ್ದಾಗ ಆಕೆಯನ್ನು ಎಬ್ಬಿಸಿದವನು ನಾನೇ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಕೈಯಳತೆಯಲ್ಲೇ ನಿಂತಿದ್ದೆ. ಎಬ್ಬಿಸಿದೆನೋ, ಆಕೆಯೇ ಗೋಡೆ ಹಿಡಿದು ಎದ್ದಳೋ, ನನಗೆ ಗೊತ್ತಿಲ್ಲ.